ಬೀಗದಕ್ಕನ ಬೆನ್ನು

ಬೀಗದಕ್ಕನಿಗೆ ಸಿಟ್ಟು ಬಂದರೆ ಅರ ಉಜ್ಜುವ ಸದ್ದು ಜೋರಾಗುತ್ತದೆ ಎಂಬುದು ಬೀದಿಗೆಲ್ಲ ಗೊತ್ತು. ಆವತ್ತು ಬೆಳಿಗ್ಗೆಯಿಂದ ಆ ಸದ್ದು ನಿಂತೇ ಇರಲಿಲ್ಲ. ಉಜ್ಜುವಂಥ ಕೆಲಸವೇನೂ ಇರಲಿಲ್ಲ. ಯಾರಿಗೂ ಬೇಡವಾದ ಹಳೆಯ ಕೀಯೊಂದನ್ನು ಇಕ್ಕಳಕ್ಕೆ ಸಿಕ್ಕಿಸಿ ಸುಮ್ಮನೆ ಸವೆಸುತ್ತಿದ್ದಳು.

ಕಾರಣ ತಮ್ಮ. ಹಿಂದಿನ ದಿನ ಬಂದು, ಸ್ಟೂಲಿನ ಮೇಲೆ ಕೂತು, ಚಹಾ ಕುಡಿದು, ಲೋಟ ಕೆಳಗಿಟ್ಟ ಮೇಲೆ ಮಾತು ತೆಗೆದಿದ್ದ. ಅಂಗಡಿ ಅಪ್ಪನದು, ಅಂದರೆ ಅರ್ಧ ತನ್ನದು. ಮೊಬೈಲ್ ಕವರ್ ಮಾರುವವನೊಬ್ಬ ಈ ಕೋಣೆ ಕೇಳುತ್ತಿದ್ದಾನೆ. ಮೂರು ತಿಂಗಳು ನೋಡೋಣ, ಕೆಲಸ ಬಂದರೆ ಸರಿ, ಬರದಿದ್ದರೆ ಅವನಿಗೆ ಕೊಟ್ಟುಬಿಡೋಣ ಎಂದು ನೆಲ ನೋಡುತ್ತಾ ಹೇಳಿ ಎದ್ದುಹೋಗಿದ್ದ. ಅವನು ಕೆಟ್ಟವನಲ್ಲ. ಅವಳಿಗೆ ಉರಿಯುತ್ತಿದ್ದುದೂ ಅದಕ್ಕೇ. ಕೆಟ್ಟವನಾಗಿದ್ದರೆ ಬಾಯಿತುಂಬ ಬೈದು ಕಳಿಸಬಹುದಿತ್ತು.

ಕೆಲಸ ಇಲ್ಲ ಎಂಬ ಮಾತು ಸುಳ್ಳಾಗಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಹೊಸದೊಂದು ಕೀ ಅಂಗಡಿ ಬಂದಿತ್ತು. ಗಾಜಿನ ಬಾಗಿಲು, ಕೆಂಪು ಅಂಗಿ ತೊಟ್ಟ ನಾಲ್ಕು ಹುಡುಗರು, ಫೋನ್ ತೆಗೆದರೆ ಅವರದೇ ಪೇಜು. ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡು ಹೊರಗೆ ನಿಂತವರು ಈಗ ಬೀದಿಯಲ್ಲಿ ಯಾರನ್ನೂ ಕೇಳುವುದಿಲ್ಲ, ಫೋನನ್ನು ಕೇಳುತ್ತಾರೆ. ಫೋನಿನಲ್ಲಿ ಕಾಣದವರು ಸತ್ತಂತೆ ಲೆಕ್ಕ. ಮೂರು ಅಂಗಡಿ ಆಚೆಯ ಗಡಿಯಾರ ರಿಪೇರಿಯವನೇ ಮೊನ್ನೆ ಕೆಂಪಂಗಿಯವರನ್ನು ಕರೆಸಿದ್ದ. ಯಾಕಯ್ಯಾ ಎಂದರೆ, ಗಡಿಬಿಡಿಯಲ್ಲಿ ನಿನ್ನ ನೆನಪೇ ಆಗಲಿಲ್ಲ ಎಂದು ಹಲ್ಲು ಬಿಟ್ಟಿದ್ದ. ಅವನ ಬಾಗಿಲಿಗೆ ಬೀಗ ಕೂರಿಸಿದವಳು ಇವಳೇ.

ಗೋಡೆಯ ಆಚೆ ಬ್ಯೂಟಿ ಪಾರ್ಲರ್. ಅದನ್ನು ನಡೆಸುವವಳು ಬೀಗದಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಬೀಗದಕ್ಕ ಅವಳನ್ನು ಕರೆಯುವುದು ಪೌಡರಮ್ಮ ಎಂದೇ. ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಕೈಯಲ್ಲಿ ದಾರ ಹಿಡಿದುಕೊಂಡೇ ಹೊರಬಂದಳು.

"ಯಾರ ಕತ್ತು ಕುಯ್ತಾ ಇದ್ದೀಯಕ್ಕ ಬೆಳಿಗ್ಗೆಯಿಂದ? ನನ್ನ ಗಿರಾಕಿ ಒಂದೊಂದು ಸಲ ಬೆಚ್ಚಿಬಿದ್ದಾಗ್ಲೂ ಹುಬ್ಬು ಸೊಟ್ಟ ಆಗ್ತಿದೆ."

ವಿಷಯ ಕೇಳಿದ ಮೇಲೆ ಪೌಡರಮ್ಮ ನಗಲಿಲ್ಲ. ಗಿರಾಕಿಯ ಹುಬ್ಬು ಮುಗಿಸಿ ಬಂದು, ತನ್ನ ಫೋನ್ ತೆಗೆದು ತೋರಿಸಿದಳು. ಮೊದಲಿನ ಮುಖ, ಆಮೇಲಿನ ಮುಖ, ಮೊದಲಿನ ಕೂದಲು, ಆಮೇಲಿನ ಕೂದಲು. ಅರ್ಧ ಊರು ಅದನ್ನು ನೋಡುತ್ತಿತ್ತು. ಅಂಗಡಿಯ ಹೆಸರು, ತೆರೆಯುವ ಹೊತ್ತು, ಫೋನ್ ನಂಬರು ಎಲ್ಲ ಒಂದೇ ಕಡೆ, ಎಲ್ಲದಕ್ಕೂ ಒಂದೇ ಬಣ್ಣ.

"ಬೀಗ ಕೆಡೋದು ವರ್ಷಕ್ಕೆ ಒಂದು ದಿನ. ಆ ಒಂದು ದಿನ ನೀನು ನೆನಪಾಗ್ಬೇಕು ಅಂದ್ರೆ ಉಳಿದ ದಿನವೂ ಕಣ್ಣಿಗೆ ಬೀಳ್ತಾ ಇರ್ಬೇಕು. ಅಷ್ಟೇ ಅಕ್ಕ ಇದರ ಗುಟ್ಟು."

ಹೀಗೆ ಬೀಗದಕ್ಕನ ಪೇಜು ಹುಟ್ಟಿತು. ಮೊದಲ ವಾರ ಗೋಡೆಗೆ ನೇತುಹಾಕಿದ ಬೀಗಗಳ ಫೋಟೋ ಹಾಕಿದರು. ಹನ್ನೊಂದು ಜನ ನೋಡಿದರು, ಅದರಲ್ಲಿ ಎರಡು ಪೌಡರಮ್ಮನ ಫೋನುಗಳೇ. ಬೀಗ ನೇತಾಡುವುದನ್ನು ಯಾರು ನೋಡುತ್ತಾರೆ, ತೆರೆಯುವುದನ್ನು ತೋರಿಸು ಎಂದಳು ಪೌಡರಮ್ಮ. ಮೊದಲು ಮುಚ್ಚಿದ ಬೀಗ, ಆಮೇಲೆ ತೆರೆದ ಬೀಗ. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ ಸೂತ್ರ.

ಬೀಗದಕ್ಕ ಬೇಡ ಎಂದಳು. ಅಪ್ಪ ಕಲಿಸಿದ ಮೊದಲ ಪಾಠವೇ ಬೇರೆ. ಬೀಗ ತೆರೆಯುವಾಗ ನೋಡುವವರಿಗೆ ಬೆನ್ನು ಕೊಟ್ಟು ಕೂರಬೇಕು, ಕೈಯ ಮೇಲೆ ಬಟ್ಟೆ ಹೊದಿಸಬೇಕು. ಮನೆಯ ಯಜಮಾನ ನಿಂತಿರಲಿ, ಸ್ವಂತ ಹೆಂಡತಿ ನಿಂತಿರಲಿ, ಕೈ ಕಾಣಬಾರದು. ಆ ನೀಲಿ ಚೌಕುಳಿ ಬಟ್ಟೆ ಈಗಲೂ ಅವಳ ಚೀಲದಲ್ಲಿತ್ತು.

ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳಲ್ಲಿ ಒಂದು ಆಗಲೇ ಹರಿದುಹೋಗಿತ್ತು. ಒಂದೇ ಒಂದು ಸಲ ಎಂದುಕೊಂಡು, ಎಂಟು ವರ್ಷದಿಂದ ತಾನೇ ಮಾರುತ್ತಿದ್ದ ಹಿತ್ತಾಳೆಯ ಬಾಗಿಲ ಬೀಗವನ್ನು ಮೇಜಿನ ಮೇಲಿಟ್ಟು, ಬಟ್ಟೆ ಇಲ್ಲದೆ, ಎರಡು ತಂತಿ ಹಾಕಿ ತೆರೆದು ತೋರಿಸಿದಳು. ಹನ್ನೊಂದು ಸೆಕೆಂಡು.

ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನ ನೋಡಿದರು. ಫೋನು ಬಡಿದುಕೊಳ್ಳತೊಡಗಿತು. ಒಂದೇ ವಾರದಲ್ಲಿ ಹದಿನಾಲ್ಕು ಮನೆಯ ಕೆಲಸ. ತಮ್ಮ ಫೋನ್ ಮಾಡಿ, ಕವರಿನವನಿಗೆ ಸ್ವಲ್ಪ ತಡಿ ಎಂದಿದ್ದೇನೆ ಎಂದ. ಬೀಗದಕ್ಕ ಅನ್ನ ತಟ್ಟೆಗೆ ಹಾಕಿಕೊಂಡು ಆ ವಿಡಿಯೋವನ್ನೇ ಮತ್ತೆ ಮತ್ತೆ ನೋಡಿದಳು. ತನ್ನ ಕೈ ಇಷ್ಟು ಚೆನ್ನಾಗಿದೆ ಎಂದು ಐವತ್ತರ ಹತ್ತಿರ ಬಂದ ಮೇಲೆ ಗೊತ್ತಾಗಿತ್ತು.

ಎರಡನೆಯ ವಾರ ಲೆಕ್ಕದ ಮೇಡಂ ಬಂದರು. ಶಾಲೆಯಲ್ಲಿ ಇವಳಿಗೆ ಮಗ್ಗಿ ಕಲಿಸಿದವರು, ನಿವೃತ್ತರಾಗಿ ಒಬ್ಬರೇ ಇರುವವರು. ಬಟ್ಟೆಯ ಚೀಲದಿಂದ ಬೀಗವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸ್ಕ್ರೂಗಳನ್ನೆಲ್ಲ ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದಿದ್ದರು.

"ನೀನೇ ಹಾಕಿಕೊಟ್ಟಿದ್ದು ಇದು. ಫೋನಲ್ಲಿ ತೋರಿಸಿದ್ದೂ ಇದೇ ಅಲ್ವೇನಮ್ಮ?"

ಅದೇ. ಮೇಡಂ ಬೈಯಲಿಲ್ಲ. ಎರಡು ದಿನದಿಂದ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದೇನೆ, ಈಗ ಹಗ್ಗ ಕಟ್ಟಿ ಬಂದಿದ್ದೇನೆ, ಬೇರೆ ಯಾವುದಾದರೂ ಬೀಗ ಕೊಡು ಎಂದರು. ಹೊಸ ಬೀಗ ಹಿಡಿದು ಹೊರಟವರು ಹೊಸ್ತಿಲ ಹತ್ತಿರ ನಿಂತು, "ನಿಮ್ಮಪ್ಪ ಆ ಕಡೆ ತಿರುಗಿ ಕೂರ್ತಿದ್ರು" ಎಂದಷ್ಟೇ ಹೇಳಿ ಹೋದರು.

ಬೀಗದಕ್ಕ ಅರ ಮುಟ್ಟಲಿಲ್ಲ. ಈ ಸಲದ ಸಿಟ್ಟಿಗೆ ಬೇರೆ ಯಾರೂ ಸಿಗಲಿಲ್ಲ. ಬೀಗ ಹಾಕಿದ್ದು ಇವಳು, ತೆರೆಯುವುದನ್ನು ಊರಿಗೆಲ್ಲ ಕಲಿಸಿದ್ದೂ ಇವಳು. ಎದ್ದು ಪಾರ್ಲರಿಗೆ ನುಗ್ಗಿ, ಯಾರದೋ ತಲೆಗೆ ಬಣ್ಣ ಹಚ್ಚುತ್ತಿದ್ದ ಪೌಡರಮ್ಮನ ಮುಂದೆ ಫೋನ್ ಹಿಡಿದು, ಆ ವಿಡಿಯೋ ಅಳಿಸು ಎಂದಳು. ಪೌಡರಮ್ಮನಿಗೆ ಜೀವವೇ ಹೋದಂತಾಯಿತು.

"ನಲವತ್ತು ಸಾವಿರ ಜನ ಅಕ್ಕ."

"ಅದರಲ್ಲಿ ಕಳ್ಳರೆಷ್ಟು ಅಂತ ಹೇಳುತ್ತಾ ನಿನ್ನ ಫೋನು?"

ಪೌಡರಮ್ಮ ಬಣ್ಣದ ಕೈಯಲ್ಲೇ ಅಳಿಸಿದಳು. ಅಳಿಸಿದರೆ ಮುಗಿಯಿತು ಎಂದೇನೂ ಅಲ್ಲ, ನೋಡಿದವರು ಇಟ್ಟುಕೊಂಡಿರುತ್ತಾರೆ ಎಂದೂ ಹೇಳಿದಳು. ಹಾಗಾದರೆ ಇನ್ನೊಂದು ವಿಡಿಯೋ ಮಾಡು, ಈಗಲೇ ಎಂದಳು ಬೀಗದಕ್ಕ. ಸ್ವಲ್ಪ ಮುಖಕ್ಕಾದರೂ ಹಚ್ಚುತ್ತೇನೆ ಎಂದು ಪೌಡರಮ್ಮ ಡಬ್ಬಿ ತೆಗೆದರೆ ಅದನ್ನು ಪಕ್ಕಕ್ಕೆ ತಳ್ಳಿದಳು. ಎಣ್ಣೆ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಫೋನನ್ನು ದಿಟ್ಟಿಸಿ ನೋಡಿ ಮಾತಾಡಿದಳು:

"ಆ ಹಿತ್ತಾಳೆ ಬೀಗ ನಾನು ತೆರೆದು ತೋರಿಸಿದ್ದು ತಪ್ಪು. ಆ ಬೀಗ ಯಾರ ಹತ್ರ ಇದೆಯೋ ತಗೊಂಡು ಬನ್ನಿ. ನನ್ನ ಹತ್ರ ಕೊಂಡಿದ್ರೂ ಸರಿ, ಬೇರೆ ಕಡೆ ಕೊಂಡಿದ್ರೂ ಸರಿ, ಕೇಳಲ್ಲ. ಒಳಗಿನ ಪಿನ್ನು ಬದಲಾಯಿಸಿ ಕೊಡ್ತೀನಿ. ದುಡ್ಡು ಬೇಡ. ಕೀ ಅದೇ ಇರುತ್ತೆ, ತಂತಿ ಹಾಕೋರಿಗೆ ಮಾತ್ರ ಸುಲಭಕ್ಕೆ ಆಗಲ್ಲ. ಇನ್ಮೇಲೆ ನನ್ನ ಕೈ ಈ ಫೋನಲ್ಲಿ ಕಾಣಲ್ಲ."

ತಮ್ಮ ಫೋನ್ ಮಾಡಿ ತಲೆ ಚಚ್ಚಿಕೊಂಡ. ಬಂದ ಕೆಲಸವನ್ನು ಯಾರಾದರೂ ಕಾಲಲ್ಲಿ ಒದೆಯುತ್ತಾರಾ, ಮೂರು ತಿಂಗಳ ಮಾತು ಹಾಗೇ ಇದೆ ಎಂದ. ದೊಡ್ಡ ರಸ್ತೆಯ ಅಂಗಡಿಯವರು ವಿಡಿಯೋದ ಕೆಳಗೇ ಬಂದು, ಮೊದಲು ಕಳ್ಳರಿಗೆ ಪಾಠ, ಆಮೇಲೆ ಮನೆಯವರಿಗೆ ರಿಪೇರಿ, ಒಳ್ಳೆ ವ್ಯಾಪಾರ ಎಂದು ಬರೆದರು. ಬೀಗದಕ್ಕ ಅವರ ವಂಶವನ್ನೆಲ್ಲ ಸೇರಿಸಿ ಉತ್ತರ ಬರೆಯಲು ಕೂತಳು. ಪೌಡರಮ್ಮ ಫೋನ್ ಕಿತ್ತುಕೊಂಡಳು.

"ಇಲ್ಲಿ ಜಗಳ ಗೆದ್ದವರ ಹತ್ರ ಯಾರೂ ಬೀಗ ತರಲ್ಲ ಅಕ್ಕ. ಕೂತು ಪಿನ್ನು ಹಾಕು."

ಕೂತಳು. ಮೊದಲ ದಿನ ಮೂವರು ಬಂದರು, ಮರುದಿನ ಒಂಬತ್ತು ಮಂದಿ. ಆಮೇಲೆ ಬೆಂಚು ಸಾಲದೆ ಪಾರ್ಲರಿನ ಕುರ್ಚಿಗಳೂ ಹೊರಗೆ ಬಂದವು. ಹೊಸದಾಗಿ ಹಾಕುತ್ತಿದ್ದದ್ದು ನಡು ಸಣ್ಣಗಿರುವ ಪುಟ್ಟ ಪಿನ್ನುಗಳು. ತಂತಿ ಹಾಕಿದರೆ ಆ ಸಣ್ಣ ನಡುವಿಗೇ ಸಿಕ್ಕಿಕೊಂಡು ನಿಂತುಬಿಡುತ್ತವೆ. ಜೋಳದ ಕಾಳಿನಷ್ಟಿಲ್ಲದ ಅವನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಇಳಿಸಬೇಕು. ಸಂಜೆಗೆ ಕಣ್ಣು ಮಂಜಾಗುತ್ತಿತ್ತು, ಕತ್ತು ಮರಗಟ್ಟುತ್ತಿತ್ತು. ಜನರಿಗೆ ಬೆನ್ನು ಮಾಡಿ, ಕೈಯ ಮೇಲೆ ನೀಲಿ ಬಟ್ಟೆ ಎಳೆದುಕೊಂಡು, ಬೈದುಕೊಳ್ಳುತ್ತಲೇ ಮಾಡಿದಳು.

ಪೌಡರಮ್ಮ ಸುಮ್ಮನಿರುವವಳಲ್ಲ. ಕೈ ತೋರಿಸಬಾರದು ಅಂದರೆ ಬೆನ್ನು ತೋರಿಸೋಣ ಎಂದು ಹಿಂದಿನಿಂದ ತೆಗೆದಳು. ಅಗಲ ಬೆನ್ನು, ಒಂದು ಕಡೆಗೆ ವಾಲಿದ ಭುಜ, ಜಾರುತ್ತಿರುವ ನೀಲಿ ಚೌಕುಳಿ ಬಟ್ಟೆ. ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂದು ಒಂದು ಸದ್ದು. ಆಗ ಫೋನು ಬೀಗ ತಂದವರ ಮುಖಕ್ಕೆ ತಿರುಗುತ್ತಿತ್ತು, ಅವರು ಒಪ್ಪಿದರೆ ಮಾತ್ರ. ಸದ್ದು ಕೇಳಿದ ಗಳಿಗೆಯಲ್ಲಿ ಒಬ್ಬೊಬ್ಬರ ಮುಖ ಅರಳುವುದು ಒಂದೊಂದು ಥರ. ಆಮೇಲೆ ಬಾಗಿಲು ತೆರೆಯಲು ಹೋದ ಮನೆಗಳಲ್ಲೂ ಹಾಗೇ ತೆಗೆದಳು. ಅಲ್ಲಿ ಇನ್ನೊಂದೂ ಸೇರಿತು. ಬೀಗ ಮುಟ್ಟುವ ಮೊದಲು ಬೀಗದಕ್ಕ ತಿರುಗಿ, ಅಪ್ಪ ಕೇಳುತ್ತಿದ್ದ ಪ್ರಶ್ನೆಯನ್ನೇ ಗದರುವ ದನಿಯಲ್ಲಿ ಕೇಳುತ್ತಿದ್ದಳು: "ಮನೆ ನಿಮ್ಮದೇ ಅನ್ನೋದಕ್ಕೆ ಗುರುತೇನು?"

ನಲವತ್ತು ಸಾವಿರ ಜನ ನೋಡಲಿಲ್ಲ. ಇನ್ನೂರು, ನಾನೂರು, ಒಮ್ಮೊಮ್ಮೆ ಸಾವಿರ. ಆದರೆ ದಿನಕ್ಕೊಂದು ವಿಡಿಯೋ ತಪ್ಪಲಿಲ್ಲ, ಬಟ್ಟೆ ಬದಲಾಗಲಿಲ್ಲ, ಪ್ರಶ್ನೆ ಬದಲಾಗಲಿಲ್ಲ. ನೋಡುವವರೆಲ್ಲ ಅದೇ ಊರಿನವರು, ಬಾಗಿಲು ಇರುವವರು.

ಮೂರು ತಿಂಗಳು ಮುಗಿದ ಮಾರನೆಯ ಬೆಳಿಗ್ಗೆ ತಮ್ಮ ಬಂದ. ಜೊತೆಗೆ ಮೊಬೈಲ್ ಕವರಿನವನು, ಅವನ ಕೈಯಲ್ಲಿ ಅಳತೆ ಟೇಪು. ಕಣ್ಣು ತಪ್ಪಿಸಿಕೊಂಡೇ ತಮ್ಮ, ಸುಮ್ಮನೆ ಅಳತೆ ಮಾತ್ರ ಎಂದ. ಕವರಿನವನು ಟೇಪಿನ ತುದಿಯನ್ನು ಗೋಡೆಗೆ ಒತ್ತುವ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಬೀಗದಕ್ಕ ವಿಳಾಸ ಕೇಳಿಕೊಂಡು, ಚೀಲ ಹೆಗಲಿಗೇರಿಸಿ, ಫೋನನ್ನು ತಮ್ಮನ ಕೈಗೆ ತುರುಕಿದಳು.

"ಅಳತೆ ಮುಗಿಯೋವರೆಗೂ ಇದನ್ನ ಎತ್ತು. ವಿಳಾಸ ಬರ್ಕೊ. ಅರ್ಧ ಅಂಗಡಿ ನಿಂದಲ್ವಾ, ಅರ್ಧ ಕೆಲಸನೂ ಮಾಡು."

ಎರಡು ಬೀದಿ ಆಚೆ, ಮೂರನೆಯ ಮಹಡಿ. ಬಾಗಿಲ ಹೊರಗೆ ತರಕಾರಿ ಚೀಲ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಪಕ್ಕದಲ್ಲಿ ಎದುರು ಮನೆಯ ಮುದುಕರೊಬ್ಬರು. ಬೀಗದಕ್ಕ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ನಿಂತಾಗ ಆ ಹೆಂಗಸು ಅನುಮಾನದಿಂದ ಮುಖ ನೋಡಿದಳು. ಪೇಜಿನವರು ನೀವೇನಾ ಎಂದು ಕೇಳಿದಳು. ಬೀಗದಕ್ಕ ಬಾಗಿಲ ಕಡೆ ತಿರುಗಿ, ಮಂಡಿಯೂರಿ, ಚೀಲದಿಂದ ನೀಲಿ ಬಟ್ಟೆ ಎಳೆದಳು.

"ಹಾಂ, ನೀವೇ" ಎಂದಳು ಹೆಂಗಸು ಹಿಂದಿನಿಂದ. ಇನ್ನೂ ಪ್ರಶ್ನೆ ಕೇಳುವ ಮೊದಲೇ ಗುರುತಿನ ಚೀಟಿ ಬೀಗದಕ್ಕನ ಭುಜದ ಮೇಲಿಂದ ಮುಂದಕ್ಕೆ ಬಂತು. "ನೀವು ಕೇಳ್ತೀರ ಅಂತ ಗೊತ್ತು. ಅದಕ್ಕೆ ಎದುರು ಮನೆ ತಾತನ್ನೂ ಕರೆದು ನಿಲ್ಸಿದ್ದೀನಿ."

ತಾತ ಗಂಟಲು ಸರಿಮಾಡಿಕೊಂಡು, ಹೌದು, ಇದು ಇವಳ ಮನೆಯೇ ಎಂದು ಕೋರ್ಟಿನಲ್ಲಿ ನಿಂತವರಂತೆ ಹೇಳಿದರು. ಬೀಗದಕ್ಕ ಬಟ್ಟೆಯ ಮರೆಯಲ್ಲಿ ತಂತಿ ಹಾಕಿದಳು. ಬೆನ್ನ ಹಿಂದೆ ಇಬ್ಬರೂ ಉಸಿರು ಹಿಡಿದು ಸದ್ದಿಗೆ ಕಾಯುತ್ತಿದ್ದರು. ಟಕ್.

ಅವಳು ಅಂಗಡಿಗೆ ಮರಳಿದಾಗ ಕವರಿನವನು ಇರಲಿಲ್ಲ. ಟೇಪು ಸುತ್ತಿಕೊಂಡು ಹೋಗಿದ್ದ. ಅಪ್ಪನ ಸ್ಟೂಲಿನ ಮೇಲೆ ತಮ್ಮ ಕೂತು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬೀಗದ ಡಬ್ಬಿಯ ಮುಚ್ಚಳದ ಮೇಲೆ ಬರೆಯುತ್ತಿದ್ದ. ಬಾಗಿಲಲ್ಲಿ ಇಬ್ಬರು ಹಿತ್ತಾಳೆ ಬೀಗ ಹಿಡಿದು ನಿಂತಿದ್ದರು. ಗೋಡೆಯ ಆಚೆಯಿಂದ ಪೌಡರಮ್ಮ ಇಣುಕಿ, ಹೊಸ ಕೆಲಸದವನು ಪರವಾಗಿಲ್ಲ, ದನಿ ಸ್ವಲ್ಪ ಮೆತ್ತಗಾಗಬೇಕು ಎಂದು ಹೇಳಿ ಮರೆಯಾದಳು.

ಫೋನ್ ಇಟ್ಟು ತಮ್ಮ ಮುಚ್ಚಳವನ್ನು ಮುಂದೆ ಹಿಡಿದ. ಅದರ ಮೇಲೆ ಮೂರು ವಿಳಾಸಗಳಿದ್ದವು. ಕಣ್ಣು ಈಗಲೂ ನೆಲದ ಮೇಲೇ ಇತ್ತು.

"ಮೂರು ಮನೆ ಅಕ್ಕ. ಬೆನ್ನಿನ ಅಕ್ಕನೇ ಬರ್ಬೇಕಂತೆ. ಮೊದ್ಲು ಯಾವ್ದಕ್ಕೆ ಹೋಗ್ತೀಯ?"

ಬೀಗದಕ್ಕ ಮುಚ್ಚಳ ಇಸಿದುಕೊಂಡು ಓದಿದಳು. ಎರಡನೆಯ ವಿಳಾಸದಲ್ಲಿ ಮನೆ ನಂಬರೇ ಇರಲಿಲ್ಲ. ಮುಚ್ಚಳವನ್ನು ವಾಪಸು ಅವನ ಕೈಗೆ ಕೊಟ್ಟು, ಮತ್ತೆ ಫೋನ್ ಮಾಡಿ ನೆಟ್ಟಗೆ ಕೇಳು ಎಂದು ಗದರಿ, ಬಾಗಿಲಲ್ಲಿ ನಿಂತ ಮೊದಲನೆಯವನ ಬೀಗ ತೆಗೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ ಕೂತಳು.