ಸೌತೆಕಾಯಿ ಮುಗಿಯುವ ತನಕ ನೀರು

ಹೈದರಾಬಾದಿನ ಉಪ್ಪಲ್‌ನಲ್ಲಿ ಮೆಟ್ರೋ ಇಳಿದು ನಾಚಾರಂ ಕಡೆ ನಡೆದರೆ ಹದಿನಾಲ್ಕು ಮಹಡಿಯ ಕಟ್ಟಡವೊಂದು ಏಳುತ್ತಿದೆ. ಅದರ ಹಿಂದೆ ನಮ್ಮ ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು ಕಡೆಯ ಮೂವತ್ತು ಮನೆ. ಇಲ್ಲಿ ಎಲ್ಲ ಸಿಗುತ್ತದೆ, ನೀರೊಂದು ಬಿಟ್ಟು. ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ. ಬಂದಾಗ ಹೆಂಗಸರು ಕೊಡ ಹಿಡಿದು ನಿಂತರೆ ಸಾಲು ಚಾರ್ಮಿನಾರಿನ ತನಕ ಹೋಗುತ್ತದೆ. ಚಾರ್ಮಿನಾರ್ ಬೇಡ, ಗೇಟಿನ ತನಕ ಅಂದುಕೊಳ್ಳಿ.

ನಾನು ಹುಸೇನಪ್ಪ, ಗೌಂಡಿ ಕೆಲಸದವನು. ಗೋಡೆಯನ್ನು ನೆಟ್ಟಗೆ ಕಟ್ಟುತ್ತೇನೆ, ಮಾತನ್ನು ಸೊಟ್ಟಗೆ ಕಟ್ಟುತ್ತೇನೆ ಎಂದು ನನ್ನ ಹೆಂಡತಿ ಸಾಬಮ್ಮ ಹೇಳುತ್ತಾಳೆ. ನನ್ನ ಎಡಗೈಯ ಕೊನೆಯ ಎರಡು ಬೆರಳು ಒಂದಕ್ಕೊಂದು ಅಂಟಿ ಮಡಚಿಕೊಂಡಿವೆ. ಯಾಕೆ ಎಂದು ಕೇಳಿದವರಿಗೆಲ್ಲ ಹುಲಿ ಕಚ್ಚಿತು ಎಂದಿದ್ದೇನೆ. ಕೆಲವರಿಗೆ ಎರಡು ಹುಲಿ.

ನನ್ನ ಮಗ ಹುಲಗೇಶ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಸೊಸೆ ರೇಣುಕಾ ಜೋಳದ ರೊಟ್ಟಿ ಬಡಿದು ಸಂಜೆ ಮೆಟ್ರೋ ಕಂಬದ ಕೆಳಗೆ ಮಾರುತ್ತಾಳೆ. ಅವಳ ರೊಟ್ಟಿ ಎಷ್ಟು ತೆಳ್ಳಗೆ ಎಂದರೆ, ಎತ್ತಿ ಹಿಡಿದರೆ ಆಚೆಗೆ ಹೋಗುವ ರೈಲು ಕಾಣುತ್ತದೆ. ಒಳಗೆ ಕೂತವರ ಮುಖವೂ ಕಾಣುತ್ತದೆ. ತೆಲುಗಿನವರು ಜೊನ್ನ ರೊಟ್ಟೆ ಎಂದು ಕೇಳಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಇಷ್ಟಕ್ಕೂ ಕಾರಣ ಅವಳ ಬಲ ಅಂಗೈ. ಯಂತ್ರ ಇಲ್ಲ, ಲಟ್ಟಣಿಗೆ ಇಲ್ಲ. ಅಂಗೈಯೇ ಅವಳ ಅಂಗಡಿ.

ಒಂದು ಭಾನುವಾರ ಹಸಿರು ಅಂಗಿ ಹಾಕಿದ ನಾಲ್ಕು ಜನ ನಮ್ಮಲ್ಲಿಗೆ ಬಂದರು. 'ಮೊದಲ ಕೈ ಬಳಗ'ದವರು ಎಂದರು. ಪೆಟ್ಟು ಬಿದ್ದಾಗ, ಸುಟ್ಟಾಗ, ಡಾಕ್ಟರ್ ಸಿಗುವ ತನಕ ಏನು ಮಾಡಬೇಕು ಎಂದು ಹೇಳಿಕೊಡುತ್ತಾರಂತೆ. ಅವರ ಮುಂದಾಳು ವಾಸಂತಿ, ಮಂಗಳೂರು ಕಡೆಯ ಹುಡುಗಿ. ವಾರವೆಲ್ಲ ಉಪ್ಪಲ್‌ನ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ, ಭಾನುವಾರ ಈ ಸೇವೆ. ಪಗಾರ ಎಷ್ಟು ಎಂದು ಕೇಳಿದೆ. ಇಲ್ಲ ಎಂದಳು. ಆಗಲೇ ನನಗೆ ಅನುಮಾನ ಬಂತು. ಪಗಾರ ಇಲ್ಲದೆ ಭಾನುವಾರ ಬಿಸಿಲಿಗೆ ಯಾರು ಬರುತ್ತಾರೆ? ಪಾಲಿಸಿ ಮಾರುವವರೇ ಇರಬೇಕು. ಅವಳ ಚೀಲಕ್ಕೆ ಇಣುಕಿ ನೋಡಿದೆ. ಬ್ಯಾಂಡೇಜ್ ಬಟ್ಟೆ, ಕತ್ತರಿ, ಒಂದು ಬಿಸ್ಕತ್ತಿನ ಪೊಟ್ಟಣ ಇತ್ತು. ಪಾಲಿಸಿ ಇರಲಿಲ್ಲ.

ಅವಳ ಕನ್ನಡವೂ ನಮಗೆ ಹೊಸದು. ಬಂದವಳೇ ಸಾಬಮ್ಮನ ಹತ್ತಿರ "ನೀರು ಉಂಟಾ?" ಎಂದಳು. ತೆಲುಗಿನಲ್ಲಿ ಉಂಟಾ ಎಂದರೆ ಇರುತ್ತೇನೆ ಎಂದರ್ಥ. ಸಾಬಮ್ಮ ಟ್ಯಾಂಕರಿನ ಹತ್ತಿರ ಜಗಳಾಡಿ ತೆಲುಗು ಕಲಿತವಳು. ಇರವ್ವ ಕೂಡ್ರು ಎಂದು ಚಾಪೆ ಹಾಸಿದಳು. ಪಾಪ, ನೀರು ಮಾತ್ರ ಕೊಡಲಿಲ್ಲ.

ಸುಟ್ಟರೆ ಏನು ಹಚ್ಚುತ್ತೀರಿ ಎಂದು ವಾಸಂತಿ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಅರಿಶಿನ, ಮಸಿ, ಹಲ್ಲುಜ್ಜುವ ಪೇಸ್ಟು. ಪಕ್ಕದ ಶೆಡ್ಡಿನ ವನಜಾ ಸುಣ್ಣ ಎಂದಳು. ವನಜಾಳಿಗೂ ನಮಗೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು, ಒಂದು ಕೊಡ ನೀರಿನ ಸಲುವಾಗಿ. ಅವಳು ಸುಣ್ಣ ಎಂದ ಮೇಲೆ ನಾನು ಪೇಸ್ಟಿನ ಪರ ಎದ್ದು ನಿಂತೆ. ನಮ್ಮ ಮುತ್ಯಾ ಬೆಲ್ಲದ ಕೊಪ್ಪರಿಗೆಯಲ್ಲಿ ಬಿದ್ದದ್ದು, ಊರ ಜನ ಬಕೆಟ್ಟುಗಟ್ಟಲೆ ಪೇಸ್ಟ್ ಬಳಿದದ್ದು, ಮಾರನೆಯ ದಿನ ಮುತ್ಯಾ ಮದುಮಗನ ಹಾಗೆ ಹೊಳೆಯುತ್ತ ಎದ್ದದ್ದು, ಎಲ್ಲ ವಿವರವಾಗಿ ಹೇಳಿದೆ.

"ಮುತ್ಯಾನ ಕಾಲಕ್ಕ ಪೇಸ್ಟ್ ಎಲ್ಲಿತ್ರಿ?" ಎಂದಳು ಸಾಬಮ್ಮ. "ಬೇವಿನ ಕಡ್ಡಿ ಬಳಿದ್ರೇನು?"

ಎಲ್ಲರೂ ನಕ್ಕರು. ವಾಸಂತಿ ಮಾತ್ರ ಗಡಿಯಾರ ನೋಡಿದಳು.

"ನಿಮ್ಮ ಅಜ್ಜನ ಕಥೆಗೆ ಸರಿಯಾಗಿ ಇಪ್ಪತ್ತು ನಿಮಿಷ ಆಯ್ತು ಮಾರಾಯ್ರೆ. ಸುಟ್ಟ ಜಾಗಕ್ಕೆ ಅಷ್ಟೇ ಹೊತ್ತು ತಣ್ಣೀರು ಹಾಕ್ಬೇಕು. ಬೇರೆ ಎಂತದೂ ಹಚ್ಚುದು ಬೇಡ."

"ಮೇಡಮ್ಮಾರ," ಎಂದೆ, "ನಿಮ್ಮೂರಾಗ ಸಮುದ್ರ ಐತಿ, ಸುರೀತೀರಿ. ಇಲ್ಲಿ ಕುಡ್ಯಾಕ ನೀರಿಲ್ಲ."

ಆಕೆಯೂ ನಕ್ಕಳು, ಆದರೆ ಬಿಡಲಿಲ್ಲ. ನಲ್ಲಿಯೇ ಬೇಕೆಂದಿಲ್ಲ, ಚೊಂಬಿನಿಂದ ನಿಧಾನವಾಗಿ ಸುರಿದರೂ ಸಾಕು ಎಂದಳು. ಕೆಳಗೆ ಬೋಗುಣಿ ಇಟ್ಟರೆ ಬಿದ್ದ ನೀರಲ್ಲಿ ಪಾತ್ರೆ ತೊಳೆಯಬಹುದು. ಪೇಸ್ಟು ಅಂದರೆ ಗಡಿಗೆಯ ಮೇಲೆ ಮುಚ್ಚಳ ಇಟ್ಟ ಹಾಗೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಡಾಕ್ಟರ್ ಗಾಯ ನೋಡಬೇಕೆಂದರೆ ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ. ಬರ್ಫ, ಅಂದರೆ ಐಸನ್ನೂ ಇಡಬಾರದು. ಬಳೆ, ಉಂಗುರ ಇದ್ದರೆ ಬಾವು ಬರುವ ಮೊದಲೇ ತೆಗೆಯಬೇಕು. ಇಷ್ಟು ಕೇಳುವ ಹೊತ್ತಿಗೆ ನಾನು ಚಹಾ ಕುಡಿಯಲು ಎದ್ದು ಹೋಗಿದ್ದೆ. ಸಾಬಮ್ಮ, ರೇಣುಕಾ ಕೊನೆಯ ತನಕ ಕೂತರು. ರೇಣುಕಾ ವಾಸಂತಿಯ ಫೋನ್ ನಂಬರನ್ನು ಇದ್ದಿಲಿನಿಂದ ತಗಡಿನ ಗೋಡೆಯ ಮೇಲೆ ಬರೆದಿಟ್ಟಳು.

ಹತ್ತು ದಿನ ಕಳೆದಿರಬೇಕು. ಬುಧವಾರ, ಟ್ಯಾಂಕರ್ ಬಾರದ ದಿನ. ನನಗೆ ಮಧ್ಯಾಹ್ನದ ಮೇಲೆ ಕೆಲಸ ಇತ್ತು, ಮನೆಯಲ್ಲೇ ಇದ್ದೆ. ರೇಣುಕಾ ಮೂರು ಇಟ್ಟಿಗೆಯ ಒಲೆಯ ಮೇಲೆ ರೊಟ್ಟಿ ಹಿಟ್ಟಿಗೆ ಎಸರು ಇಟ್ಟಿದ್ದಳು. ನೀರು ಕೊತಕೊತ ಕುದಿಯುತ್ತಿತ್ತು. ಒಂದು ಇಟ್ಟಿಗೆ ಜರುಗಿತು. ಪಾತ್ರೆ ವಾಲಿದ್ದನ್ನು ಹಿಡಿಯಲು ಹೋದಳು. ಎಸರೆಲ್ಲ ಅವಳ ಬಲಗೈಯ ಮೇಲೆ, ಅಂಗೈಯಿಂದ ಮಣಿಕಟ್ಟಿನ ತನಕ.

ಅವಳು ಕೂಗಿದ್ದು ಹದಿನಾಲ್ಕನೇ ಮಹಡಿಗೂ ಕೇಳಿತು. ಇದು ಸುಳ್ಳಲ್ಲ. ಹುಲಗೇಶ ಮೇಲಿಂದ ಕೇಳಿ ಇಳಿದು ಬಂದ.

ನಾನು ಪೇಸ್ಟಿನ ಟ್ಯೂಬ್ ಹಿಡಿದು ಓಡಿದೆ. ಸಾಬಮ್ಮ ಅಡ್ಡ ನಿಂತಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಸೊಸೆಯ ಮೊಣಕೈ.

"ಸರೀರಿ ಆ ಕಡೆ."

ಡ್ರಮ್ಮಿನಲ್ಲಿ ಅರ್ಧ ನೀರೂ ಇಲ್ಲ, ನಾಳೆಯ ತನಕ ಕುಡಿಯಲು ಅದೇ ಇರುವುದು ಎಂದೆ.

"ಮಂದಿ ಗ್ವಾಡಿಗೆ ಏಳು ದಿನ ನೀರು ಹೊಡೀತೀರಿ," ಎಂದಳು ಸಾಬಮ್ಮ. "ಸೊಸಿ ಕೈಗೆ ಇಪ್ಪತ್ತ ನಿಮಿಷ ಹೊಡ್ಯಾಕ ಆಗಂಗಿಲ್ಲೇನು?"

ಹೊಸ ಕಾಂಕ್ರೀಟು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿಸಿ ಇರುತ್ತದೆ. ನೀರು ಹೊಡೆಯದಿದ್ದರೆ ಬಿರುಕು ಬಿಡುತ್ತದೆ. ಇದನ್ನು ಗೌಂಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯೂಬನ್ನು ಜೇಬಿಗೆ ಹಾಕಿ ಚೊಂಬು ಕೈಗೆ ತೆಗೆದುಕೊಂಡೆ.

ಬಳೆಯ ಹತ್ತಿರ ಸಾಬಮ್ಮ ಒಂದು ಗಳಿಗೆ ತಡೆದಳು. ಹಸಿರು ಗಾಜಿನ ಬಳೆ, ಮುತ್ತೈದೆಯ ಕೈ. ಬರಿಗೈ ಮಾಡಬಾರದು. ಆದರೆ ಕೈ ಆಗಲೇ ಊದಲು ಶುರುವಾಗಿತ್ತು. ಅವಳು ನೀರು ಬೀಳುವ ಕಡೆಯೇ ಮೆಲ್ಲಗೆ ಒಂದೊಂದೇ ಜಾರಿಸಿ ತೆಗೆದು ತನ್ನ ಕೈಗೆ ಏರಿಸಿಕೊಂಡಳು. "ಬಳಿ ಎಲ್ಲೂ ಹೋಗಿಲ್ಲವ್ವ, ಮನ್ಯಾಗ ಅದಾವ. ಆರಾಮಾದ ಮ್ಯಾಲ ತಗೋ," ಎಂದಳು.

ನಾನು ಸುರಿದೆ. ಎರಡು ನಿಮಿಷಕ್ಕೆ ರೇಣುಕಾಳ ಅಳು ನಿಂತಿತು. ಉರಿ ಇಳಿಯಿತು, ಬಿಡಿ, ಕುಡಿಯುವ ನೀರು ಯಾಕೆ ಹಾಳು ಎಂದು ಕೈ ಎಳೆಯತೊಡಗಿದಳು. ಸಾಬಮ್ಮ ಮೊಣಕೈ ಬಿಡಲಿಲ್ಲ. ನನ್ನ ಕಡೆ ತಿರುಗಿದಳು.

"ಅವತ್ತ ಇಪ್ಪತ್ತ ನಿಮಿಷ ಕಥಿ ಹೇಳಿದ್ರಲ್ಲ. ಈಗ ಹೇಳ್ರಿ. ನಿಮ್ಮ ಸುಳ್ಳು ಒಂದಿನ ಆದ್ರೂ ದುಡೀಲಿ."

ಹಾಗಾಗಿ ಸೌತೆಕಾಯಿಯ ಕಥೆ ಹೇಳಿದೆ. ನಮ್ಮ ಊರು ಕೃಷ್ಣೆಯ ದಂಡೆಯಲ್ಲಿ. ಮುತ್ಯಾ ಅಲ್ಲೊಂದು ಸೌತೆ ಬೀಜ ಹಾಕಿದ. ಒಂದೇ ಒಂದು ಕಾಯಿ ಬಿಟ್ಟಿತು. ಬೆಳೆಯುತ್ತ ಹೊಳೆಗೆ ಇಳಿಯಿತು, ಹೊಳೆ ದಾಟಿತು, ತೆಲಂಗಾಣದ ದಂಡೆ ಮುಟ್ಟಿತು. ಜನ ದೋಣಿ ಬಿಟ್ಟು ಕಾಯಿಯ ಮೇಲೆ ನಡೆದು ಹೋಗತೊಡಗಿದರು. ಎತ್ತಿನ ಬಂಡಿ ಹೋಯಿತು. ಒಂದು ದಿಬ್ಬಣ ಹೋಯಿತು, ಬ್ಯಾಂಡಿನ ಸಮೇತ. ಆಮೇಲೆ ಬಸ್ಸೇ ಹತ್ತಿತು. ಸರಿಯಾಗಿ ನಡುಹೊಳೆಯಲ್ಲಿ ಕಂಡಕ್ಟರ್ ಬಂದು, ಇಲ್ಲಿಂದ ಆಚೆ ಬೇರೆ ರಾಜ್ಯ, ಇನ್ನೊಂದು ಟಿಕೆಟ್ ತಗೊಳ್ಳಿ ಎಂದ.

ರೇಣುಕಾ ನೋವಿನಲ್ಲೂ ತುಟಿ ಅರಳಿಸಿದಳು. ಆದರೆ ಡ್ರಮ್ಮಿನೊಳಗೆ ಚೊಂಬು ತಳಕ್ಕೆ ತಾಗಿ ಟಣ್ ಎಂದಿತು. ಮೊಬೈಲು ನೋಡಿದ ಹುಲಗೇಶ, ಇನ್ನೂ ಹನ್ನೆರಡು ನಿಮಿಷ ಆಗಬೇಕು ಎಂದ.

ಆಗ ಬಾಗಿಲಲ್ಲಿ ವನಜಾ. ಸೊಂಟದ ಮೇಲೆ ತುಂಬಿದ ಕೊಡ. ರಾತ್ರಿ ಅಡಿಗೆಗೆ ಇಟ್ಟುಕೊಂಡ ನೀರು ಅದು, ನನಗೆ ಗೊತ್ತು. ಮಾತಿಲ್ಲದೆ ಕೊಡವನ್ನು ನನ್ನ ಕಾಲಬಳಿ ಇಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹೋಗಲಿಲ್ಲ. ನಾನು ಚೊಂಬು ಅದ್ದಿ ಕಥೆ ಮುಂದುವರಿಸಿದೆ. ಬೇಸಿಗೆ ಬಂತು, ಕಾಯಿ ಮೆತ್ತಗಾಗತೊಡಗಿತು, ಬಸ್ಸು ಇನ್ನೂ ನಡುಹೊಳೆಯಲ್ಲೇ ಇದೆ, ಕಂಡಕ್ಟರಿಗೆ ಚಿಲ್ಲರೆ ಇಲ್ಲ. ಅಲ್ಲಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

"ಮುಂದ?" ಎಂದಳು ವನಜಾ. "ಬಸ್ಸಿನ ಮಂದಿ ಏನಾದ್ರು?"

ಎಂಟು ತಿಂಗಳ ನಂತರ ಅವಳು ನಮ್ಮ ಮನೆಯಲ್ಲಿ ಆಡಿದ ಮೊದಲ ಮಾತು ಅದು. ಬಸ್ಸಿನವರೆಲ್ಲ ಇಳಿದು, ಉಪ್ಪು ಖಾರ ಹಚ್ಚಿ ಕಾಯಿ ತಿನ್ನುತ್ತ ತಿನ್ನುತ್ತ ದಂಡೆ ಸೇರಿದರು ಎಂದು ಹೇಳಿ ಕಥೆ ಮುಗಿಸಿದೆ. ಅಷ್ಟರಲ್ಲಿ ಬಾಗಿಲ ಹೊರಗೆ ಇನ್ನೂ ಮೂರು ಕೊಡ ಬಂದು ಕೂತಿದ್ದವು. ಯಾರು ಇಟ್ಟರೋ ನೋಡಲಿಲ್ಲ.

ಸೌತೆಕಾಯಿ ಮುಗಿಯಿತು, ಐದು ನಿಮಿಷ ಉಳಿಯಿತು.

"ಮಾವ, ಹುಲಿ ಕಥಿ ಹೇಳ್ರಿ," ಎಂದಳು ರೇಣುಕಾ. "ನಿಮ್ಮ ಬೆರಳಿಂದು."

ಬಾಯಿ ತೆರೆದೆ. ಹುಲಿ ಬರಲಿಲ್ಲ. ಅವಳ ಕೆಂಪು ಅಂಗೈ ನೋಡುತ್ತ ನೋಡುತ್ತ ನಿಜವೇ ಬಂತು. ನನಗೆ ಆಗ ಆರು ವರ್ಷ. ಕುದಿಯುವ ಅಂಬಲಿಯ ಗಡಿಗೆಗೆ ಕೈ ಹಾಕಿದ್ದೆ. ಅವ್ವ ಗಾಬರಿಯಾಗಿ ಸುಣ್ಣ ಬಳಿದಳು, ಮೇಲೆ ಮಸಿ ಬಳಿದಳು, ಅದರ ಮೇಲೆ ಅರಿವೆ ಸುತ್ತಿದಳು. ಎಂಟು ದಿನದ ಮೇಲೆ ಬಿಚ್ಚಿದಾಗ ಕೀವು ತುಂಬಿತ್ತು. ಮಾಯುವಾಗ ಎರಡು ಬೆರಳು ಕೂಡಿಕೊಂಡೇ ಮಾಯ್ದವು. ಅವ್ವನಿಗೆ ಕೆಟ್ಟ ಹೆಸರು ಬರಬಾರದೆಂದು ನಾನೇ ಹುಲಿ ಸಾಕಿದೆ. ಮೂವತ್ತು ವರ್ಷ ಸಂಸಾರ ಮಾಡಿದ ಸಾಬಮ್ಮನಿಗೂ ಅದೇ ಹುಲಿಯನ್ನು ತೋರಿಸಿದ್ದೆ.

ನಾನು ಇನ್ನೊಂದು ಚೊಂಬು ಅದ್ದಿ ಸುರಿದೆ.

"ಹುಲಿ ಅಲ್ಲಂತ ನನಗ ಮೊದಲೇ ಗೊತ್ತಿತ್ತು," ಎಂದಳು ಸಾಬಮ್ಮ. "ನಿಮ್ಮ ಮಾತ ಕೇಳಿದ್ರ ಹುಲಿ ಕಚ್ಚಂಗಿಲ್ಲ, ಓಡಿ ಹೋಗ್ತೈತಿ."

ಹುಲಗೇಶ ಇಪ್ಪತ್ತು ನಿಮಿಷ ಆಯಿತು ಎಂದ. ಗೋಡೆಯ ನಂಬರಿಗೆ ಫೋನ್ ಮಾಡಿದೆವು. ಗುಳ್ಳೆ ಎದ್ದರೆ ಒಡೆಯಬೇಡಿ, ತೊಳೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಅಂಗೈ ಸುಟ್ಟಿರುವುದರಿಂದ ಈಗಲೇ ಆಸ್ಪತ್ರೆಗೆ ಹೋಗಿ ಎಂದು ವಾಸಂತಿ ಹೇಳಿದಳು. ನಾವು ಆಟೋ ಹತ್ತುವಾಗ ವನಜಾ ಒಲೆಯ ಮುಂದೆ ಕೂತು, ಜರುಗಿದ ಇಟ್ಟಿಗೆಯನ್ನು ಮಣ್ಣು ಹಚ್ಚಿ ಗಟ್ಟಿ ಮಾಡುತ್ತಿದ್ದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬಟ್ಟೆ ಸರಿಸಿ ನೋಡಿ, ನೀರು ಹಾಕಿದವರು ಯಾರು ಎಂದು ತೆಲುಗಿನಲ್ಲಿ ಕೇಳಿದಳು. ಬೈಗುಳ ಬರುತ್ತದೆ ಎಂದು ನಾನು ಸಾಬಮ್ಮನನ್ನು ತೋರಿಸಿದೆ. ಡಾಕ್ಟರಮ್ಮ "ಮಂಚಿ ಪನಿ ಚೇಶಾರು" ಎಂದಳು, ಒಳ್ಳೆಯ ಕೆಲಸ ಮಾಡಿದಿರಿ ಎಂದು. ಕೂಡಲೇ ನಾನೂ ಒಂದು ಚೊಂಬು ಸುರಿದೆ ಎಂದು ಸೇರಿಸಿದೆ. ಚರ್ಮದ ಮೇಲಿನ ಪದರ ಮಾತ್ರ ಸುಟ್ಟಿದೆ, ಬೆರಳಿಗೆ ಅಪಾಯ ಇಲ್ಲ ಎಂದು ಹೇಳಿ ಮುಲಾಮು, ಇಂಜೆಕ್ಷನ್ ಕೊಟ್ಟು ಕಳಿಸಿದಳು.

ಮೂರು ವಾರ ರೊಟ್ಟಿ ಬಡಿದದ್ದು ಸಾಬಮ್ಮ ಮತ್ತು ವನಜಾ. ಆ ರೊಟ್ಟಿಯಲ್ಲಿ ರೈಲು ಕಾಣುತ್ತಿರಲಿಲ್ಲ, ರೊಟ್ಟಿಯೇ ನಾಚಾರಂನ ಕಾರ್ಖಾನೆಯ ಗೋಡೆಯಷ್ಟು ದಪ್ಪ ಇತ್ತು. ನಾಲ್ಕನೆಯ ವಾರ ಸಾಬಮ್ಮ ತನ್ನ ಕೈಯಿಂದ ಹಸಿರು ಬಳೆ ತೆಗೆದು ಸೊಸೆಯ ಕೈಗೆ ಒಂದೊಂದಾಗಿ ಏರಿಸಿದಳು. ಸಂಜೆ ಮೆಟ್ರೋ ಕಂಬದ ಕೆಳಗೆ ರೊಟ್ಟಿ ಎತ್ತಿ ಕೊಡುವಾಗ ಆ ಬಳೆಗಳ ಸದ್ದು ಕೇಳಿ ಅರ್ಧ ಉಪ್ಪಲ್ ಬಂದು ನಿಂತಿತು. ಹೋಗಲಿ, ಕಾಲು ಉಪ್ಪಲ್.

ಈಗ ಭಾನುವಾರ ವಾಸಂತಿ ಬಂದರೆ ನಾನೇ ಮುಂದೆ ಕೂರುತ್ತೇನೆ. ಬೇರೆ ಸೈಟಿಗೂ ಕರೆದುಕೊಂಡು ಹೋಗುತ್ತಾರೆ. ಅವರು ನೀರು ಸುರಿದು ತೋರಿಸುತ್ತಾರೆ, ನಾನು ಇಪ್ಪತ್ತು ನಿಮಿಷ ಸೌತೆಕಾಯಿ ಬೆಳೆಸುತ್ತೇನೆ. ಪಗಾರ ಇಲ್ಲ, ಬಿಸ್ಕತ್ತು ಉಂಟು.

ನಿಮಗೂ ಅಷ್ಟೇ ಹೇಳುವುದು, ಅಕ್ಕಂದಿರೇ, ಅಣ್ಣಂದಿರೇ. ಪೇಸ್ಟು ಹಲ್ಲಿಗೆ ಇರಲಿ, ಅರಿಶಿನ ಸಾರಿಗೆ ಇರಲಿ, ಸುಣ್ಣ ಎಲೆ ಅಡಿಕೆಗೆ ಇರಲಿ. ಸುಟ್ಟ ಕೈಗೆ ಮೊದಲು ತಣ್ಣೀರು, ಪೂರಾ ಇಪ್ಪತ್ತು ನಿಮಿಷ. ಆಮೇಲೆ ಶುದ್ಧ ಬಟ್ಟೆ. ಕೈ, ಮುಖ, ಕೀಲು ಸುಟ್ಟರೆ, ಮಗುವಿಗೆ ಸುಟ್ಟರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ತಡ ಮಾಡದೆ ಆಸ್ಪತ್ರೆಗೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ನಿಮ್ಮ ಓಣಿಗೆ ಇಂಥ ಬಳಗದವರು ಬಂದರೆ ಚಾಪೆ ಹಾಸಿ ಕೂರಿಸಿ, ಕುಡಿಯಲು ನೀರನ್ನೂ ಕೊಡಿ. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದರೆ ಇವತ್ತೇ ಆಡಿ. ನಿಮ್ಮ ಡ್ರಮ್ ಯಾವತ್ತು ಖಾಲಿ ಇರುತ್ತದೋ ಯಾರಿಗೆ ಗೊತ್ತು. ಇಪ್ಪತ್ತು ನಿಮಿಷ ಕೂರಿಸಲು ಕಥೆ ಬೇಕೆಂದರೆ ನನ್ನ ಸೌತೆಕಾಯಿ ಒಯ್ಯಿರಿ. ಭಾರ ಐತಿ, ಇಬ್ಬರು ಹಿಡೀರಿ.