ಪುರಸಭೆಗೆ ಡೆಸ್ಮಂಡ್ ಬರೆದ ಕಾಗದ

ಪಕ್ಕದ ಮನೆಯ ಡೋರೀನ್ ಹಾವರ್ತ್ ಮನೆ ಮಾರಲು ಹೊರಟಾಗ ಅವಳಿಗೆ ಎಪ್ಪತ್ತೊಂಬತ್ತು. ಅವಳ ಅಕ್ಕ ಎಡ್ನಾ ಮೋರ್ಕಮ್‌ನಲ್ಲಿ ಕಡಲಿನ ಎದುರಿಗಿದ್ದಾಳೆ. ಎರಡು ಕಣ್ಣೂ ಮಂಜಾಗುತ್ತಿವೆ. ಎಡ್ನಾಳ ಎದುರು ಬಾಗಿಲಿನ ಫ್ಲ್ಯಾಟ್ ಖಾಲಿಯಾಗಿತ್ತು. ಸೆಪ್ಟೆಂಬರ್ ಮೂವತ್ತರೊಳಗೆ ಇಲ್ಲಿಯ ಮಾರಾಟ ಮುಗಿದರೆ ಅದು ಡೋರೀನ್‌ಗೆ, ಇಲ್ಲವಾದರೆ ಕಾದು ಕುಳಿತ ಇನ್ನೊಬ್ಬರಿಗೆ.

"ಎಡ್ನಾಗೆ ನನ್ನ ಮುಖ ಕಾಣೋಷ್ಟು ದೃಷ್ಟಿ ಇರುವಾಗ್ಲೇ ಹೋಗ್ಬಿಡ್ಬೇಕು ಕಣೆ ಎನಿಡ್" ಎಂದಳು ನನಗೆ. ಬೇಕಪ್ ಊರಿನ ನಮ್ಮ ಸಾಲುಮನೆಗಳಲ್ಲಿ ನಲವತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು ನಾವು. ಅವಳು ಹೋಗುವುದು ನನಗೆ ಬೇಕಿರಲಿಲ್ಲ. ಆದರೂ ಹೋಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ಸೆಪ್ಟೆಂಬರ್ ಮೊದಲ ವಾರ ಕೊಳ್ಳುವವರ ವಕೀಲರಿಂದ ಒಂದು ಪ್ರಶ್ನೆ ಬಂತು. ನಾಲ್ಕು ವರ್ಷದ ಹಿಂದೆ ಬದಲಾಯಿಸಿದ ಬಾಯ್ಲರಿಗೂ ಬಿಸಿನೀರಿನ ಸಿಲಿಂಡರಿಗೂ ಕಟ್ಟಡ ನಿಯಮದ ಪ್ರಮಾಣಪತ್ರ ಎಲ್ಲಿ?

ಪತ್ರ ಇರಲಿಲ್ಲ. ಯಾಕೆ ಇರಲಿಲ್ಲ ಎಂದರೆ ಡೆಸ್ಮಂಡ್ ಇದ್ದ.

ಡೆಸ್ಮಂಡ್ ಡೋರೀನ್‌ಳ ಗಂಡನ ತಮ್ಮ. ಮೂವತ್ತು ವರ್ಷ ರತ್ನಗಂಬಳಿ ಅಂಗಡಿಯ ಮ್ಯಾನೇಜರ್ ಆಗಿದ್ದವನು. ಅಷ್ಟಕ್ಕೇ ಅವನಿಗೆ ಕೊಳಾಯಿ, ವಿದ್ಯುತ್, ಕಾನೂನು, ಮೂಳೆ ಸವೆತ ಎಲ್ಲವೂ ಗೊತ್ತಿತ್ತು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮನೆಯ ಯಜಮಾನಿಕೆಯನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದ. ನೋಂದಣಿ ಇರುವ ಕೆಲಸಗಾರ ಬಾಯ್ಲರ್ ಕೂರಿಸಿದರೆ ಅವನೇ ಮೇಲಕ್ಕೆ ವರದಿ ಮಾಡುತ್ತಾನೆ, ತಿಂಗಳೊಳಗೆ ಪತ್ರ ಅಂಚೆಯಲ್ಲಿ ಬಂದು ಬೀಳುತ್ತದೆ. ಇದು ನಮ್ಮ ಬೀದಿಯ ಬೆಕ್ಕಿಗೂ ಗೊತ್ತು. ಡೆಸ್ಮಂಡ್ ಮಾತ್ರ ಚೆಂಡುರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಗೆಳೆಯನೊಬ್ಬನನ್ನು ಕರೆತಂದ. ಆ ಗೆಳೆಯನ ನೋಂದಣಿ ಎಂದೋ ಮುಗಿದಿತ್ತು. ಆತ ಈಗ ಸ್ಪೇನಿನಲ್ಲಿದ್ದಾನೆ.

ವಕೀಲರ ಪ್ರಶ್ನೆ ಕೇಳಿ ಡೆಸ್ಮಂಡ್ ಕೈ ಬೀಸಿದ. "ಅದೊಂದು ಕಾಗದ ಅಷ್ಟೇ ಡೋರೀನ್. ಆಫೀಸಲ್ಲಿ ಕೂತಿರೋರಿಗೆ ಹೊತ್ತು ಹೋಗ್ಬೇಕಲ್ಲ, ಅದಕ್ಕೆ ಇವೆಲ್ಲ. ಬಿಸಿನೀರು ಬರುತ್ತೋ ಇಲ್ವೋ?"

"ಬರುತ್ತೆ" ಎಂದಳು ಡೋರೀನ್.

"ಮತ್ತಿನ್ನೇನು?"

ಡೋರೀನ್‌ಳ ವಕೀಲರ ಕಚೇರಿಯಲ್ಲಿ ಒಬ್ಬಳು ಗುಮಾಸ್ತೆ ಇದ್ದಳು. ಡೋರೀನ್‌ಗೆ ಕಿವಿ ಮಂದ ಎಂದು ತಿಳಿದು ಪ್ರತಿ ಸಲ ಫೋನಿನಲ್ಲಿ ಹೇಳಿದ್ದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸುತ್ತಿದ್ದಳು. ಅವಳೇ ಸೋಮವಾರ ಒಳ್ಳೆಯ ಸುದ್ದಿ ಕೊಟ್ಟಳು. ಇಂಥ ಪತ್ರ ಇಲ್ಲದ ಮನೆಗಳಿಗೆ ಒಂದು ವಿಮೆ ಸಿಗುತ್ತದೆ, ಕೊಳ್ಳುವವರೂ ಒಪ್ಪಿದ್ದಾರೆ, ಒಂದು ಸಹಿ ಸಾಕು. ಷರತ್ತು ಒಂದೇ. ಪತ್ರ ಇಲ್ಲದ ವಿಷಯ ಪುರಸಭೆಯ ಕಿವಿಗೆ ಬಿದ್ದಿರಬಾರದು. ಬಿದ್ದರೆ ವಿಮೆಯವರು ಒಪ್ಪುವುದಿಲ್ಲ.

ಡೋರೀನ್ ಅದನ್ನು ನಮಗೆ ಓದಿ ಹೇಳಿ ಖುಷಿಯಿಂದ ಕೇಕ್ ಕತ್ತರಿಸುತ್ತಿದ್ದಳು. ಡೆಸ್ಮಂಡ್ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದ.

"ಪುರಸಭೆನಾ? ಅವರಿಗೆ ನಾನು ಶುಕ್ರವಾರವೇ ಬರೆದು ಹಾಕಿದೀನಲ್ಲ" ಎಂದ.

ಚಾಕು ಅರ್ಧದಲ್ಲಿ ನಿಂತಿತು. "ಏನು ಬರೆದೆ?"

"ಎರಡು ಪುಟ. ಚೆನ್ನಾಗಿ ಉಗಿದೆ. ಮನೆ ವಿಳಾಸ, ಬಾಯ್ಲರ್ ಹಾಕಿದ ತಾರೀಖು, ಸಿಲಿಂಡರಿನ ಅಳತೆ ಎಲ್ಲ ಬರೆದು, ಇದರಲ್ಲಿ ನಿಮಗೇನ್ರೀ ಕೆಲಸ ಅಂತ ಕೇಳಿದೀನಿ. ರಿಜಿಸ್ಟರ್ಡ್ ಅಂಚೆಲಿ ಕಳಿಸಿದೀನಿ, ಇಲ್ಲಾಂದ್ರೆ ಸಿಗ್ಲಿಲ್ಲ ಅಂತಾರೆ."

ನಮ್ಮ ದೇಶದಲ್ಲಿ ಇಂಥ ಗಂಡಸರ ಒಂದು ಜಾತಿಯೇ ಇದೆ. ನಿಯಮ ಓದುವುದಿಲ್ಲ, ನಿಯಮದ ವಿರುದ್ಧ ದೂರು ಮಾತ್ರ ಅಚ್ಚುಕಟ್ಟಾಗಿ ಬರೆಯುತ್ತಾರೆ, ಪ್ರತಿ ಇಟ್ಟುಕೊಳ್ಳುತ್ತಾರೆ. ನಾನು ಬಿಸ್ಕತ್ತಿನ ತಟ್ಟೆಯನ್ನು ಅವನ ಮುಂದೆ ಸರಿಸಿದೆ. ನಲವತ್ತು ವರ್ಷ ಅವನೆದುರು ಏನೂ ಹೇಳದೆ ಹಾಗೆ ಸರಿಸುತ್ತ ಬಂದವಳು ನಾನು. ಆ ನನ್ನ ಸೌಜನ್ಯದ ಬಗ್ಗೆಯೂ ನನಗೇನೂ ಹೆಮ್ಮೆಯಿಲ್ಲ.

ವಿಮೆಯ ದಾರಿ ಮುಚ್ಚಿತು. ಉಳಿದದ್ದು ಒಂದೇ: ಪುರಸಭೆಗೆ ಅರ್ಜಿ ಹಾಕಿ, ಹಳೆಯ ಕೆಲಸವನ್ನು ಅವರ ಇನ್ಸ್‌ಪೆಕ್ಟರಿಗೆ ತೋರಿಸಿ, ಅವರು ಹೇಳಿದ್ದನ್ನು ಸರಿಪಡಿಸಿ ಪತ್ರ ಪಡೆಯುವುದು. ಹದಿನೇಳು ದಿನ ಉಳಿದಿತ್ತು. ಡೋರೀನ್ ಎಡ್ನಾಗೆ ಫೋನ್ ಮಾಡಿ ಎಲ್ಲ ಸರಿಯಾಗಿದೆ ಎಂದಳು. ಫೋನ್ ಇಟ್ಟ ಮೇಲೆ ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ ಟೀ ಕಪ್ಪುಗಳನ್ನು ಮತ್ತೆ ಕಪಾಟಿಗೆ ಜೋಡಿಸತೊಡಗಿದಳು.

ಇಪ್ಪತ್ತಮೂರರಂದು ಇನ್ಸ್‌ಪೆಕ್ಟರ್ ಬಂದಳು. ಶಾಹೀನ್ ಎಂದು ಹೆಸರು, ಮೂವತ್ತರ ಆಸುಪಾಸು. ಹೊರಗೆ ಮಳೆ. ಹೊಸಿಲಿನಲ್ಲೇ ಬೂಟು ಕಳಚಿ ಬರಿ ಕಾಲುಚೀಲದಲ್ಲಿ ಒಳಗೆ ಬಂದಳು. ಅದನ್ನು ನೋಡಿ ಡೋರೀನ್ ತನ್ನ ಗಂಡನ ಉಣ್ಣೆಯ ಚಪ್ಪಲಿ ತಂದುಕೊಟ್ಟಳು. ಹುಡುಗಿ ಬೇಡ ಎನ್ನದೆ ಹಾಕಿಕೊಂಡಳು. ಅವು ಅವಳ ಪಾದದ ಎರಡರಷ್ಟಿದ್ದವು.

ಡೆಸ್ಮಂಡ್ ಟೈ ಕಟ್ಟಿಕೊಂಡು ಬಂದಿದ್ದ. "ನಿಮ್ಮ ಮೇಲಿನ ಸಾಹೇಬ್ರು ಯಾರೂ ಬರ್ಲಿಲ್ವಾ?"

"ಸಾಹೇಬ್ರಿಗೆ ಮೆಟ್ಟಿಲು ಹತ್ತೋಕಾಗಲ್ಲ ಸರ್" ಎಂದಳು ಶಾಹೀನ್. "ಸಿಲಿಂಡರ್ ಮಹಡಿ ಮೇಲಿದೆಯಲ್ವಾ?"

ಬಟ್ಟೆ ಬೆಚ್ಚಗಿಡುವ ಕಪಾಟಿನಲ್ಲಿ ಸಿಲಿಂಡರ್ ನಿಂತಿತ್ತು. ಹಳೆಯ ತಾಮ್ರದ ಹಂಡೆಯ ಹಾಗೆ ಮೇಲೆ ತೆರೆದ ಕೊಳವೆ ಇರುವಂಥದ್ದಲ್ಲ. ನಾಲ್ಕು ಕಡೆಯೂ ಮುಚ್ಚಿದ್ದು, ಒಳಗೆ ನೀರು ಒತ್ತಡದಲ್ಲಿರುವಂಥದ್ದು. ಬಿಸಿ ಮಿತಿಮೀರಿದರೆ ನೀರು ಹೊರಗೆ ಹೋಗಲು ಪಕ್ಕದಲ್ಲಿ ಸುರಕ್ಷತೆಯ ಕವಾಟ ಇರುತ್ತದೆ. ಶಾಹೀನ್ ಮಂಡಿಯೂರಿ ಟಾರ್ಚ್ ಹಾಕಿದಳು. ಕವಾಟದ ಸುತ್ತ ಬೆರಳಾಡಿಸಿದಳು.

"ಇಲ್ಲಿಂದ ಹೊರಗೆ ಹೋಗೋ ಕೊಳವೆ ಎಲ್ಲಿ?"

"ಅದಾ?" ಡೆಸ್ಮಂಡ್ ಮುಖ ಅರಳಿತು. "ಅದು ತೊಟ್ಟಿಕ್ತಾ ಇತ್ತು. ಇವಳು ಅಂಗಳದಲ್ಲಿ ನೀರು, ಅಂಗಳದಲ್ಲಿ ನೀರು ಅಂತ ಒಂದೇ ರಗಳೆ. ನಾನೇ ಕೊಳವೆ ಕಿತ್ತು ಕವಾಟದ ಬಾಯಿಗೆ ಹಿತ್ತಾಳೆ ಮುಚ್ಚಳ ತಿರುಪಿದೆ. ಎರಡು ವರ್ಷ ಆಯ್ತು, ಒಂದು ಹನಿ ಬಿದ್ದಿಲ್ಲ!"

ಶಾಹೀನ್ ಎದ್ದಳು. ಮೊದಲು ಹೋಗಿ ಬಾಯ್ಲರ್ ಆರಿಸಿದಳು, ಆಮೇಲೆ ಸಿಲಿಂಡರಿನ ಸ್ವಿಚ್ ಆರಿಸಿದಳು. ತಿರುಗಿ ಬಂದು ಡೋರೀನ್‌ಳ ಎದುರು, ಅವಳ ಒಳ್ಳೆಯ ಕಿವಿಯ ಕಡೆ ನಿಂತು, ಮೆಲ್ಲಗೆ, ಬಿಡಿಬಿಡಿಯಾಗಿ ಹೇಳಿದಳು.

"ಮಿಸೆಸ್ ಹಾವರ್ತ್, ಬಿಸಿ ಸಾಕಾದಾಗ ನಿಲ್ಲಿಸೋ ಥರ್ಮೋಸ್ಟಾಟ್ ಕೈಕೊಟ್ಟಿದ್ರೆ ಒಳಗಿನ ನೀರು ಕಾಯ್ತಾನೇ ಹೋಗ್ತಿತ್ತು. ಹೊರಗೆ ಹೋಗೋಕೆ ದಾರಿ ಇಲ್ಲ. ಸಿಲಿಂಡರ್ ಸಿಡಿದು ಚಾವಣಿ ಹಾರ್ತಿತ್ತು. ನಿಮ್ಮ ಮಂಚ ಈ ಗೋಡೆ ಆಚೆಗಿದೆ ಅಲ್ವಾ?"

"ಹೌದು."

"ನಂದು ಈ ಗೋಡೆ ಆಚೆಗೆ" ಎಂದೆ ನಾನು, ಇನ್ನೊಂದು ಕಡೆಯ ಗೋಡೆ ತೋರಿಸಿ.

ಡೆಸ್ಮಂಡ್ ನಕ್ಕ. "ಹೆದರಿಸೋದೇ ಇವರ ಕಸುಬು. ಸಿಡಿದಿಲ್ವಲ್ಲ!"

ನಾನು ಅವನನ್ನು ನೋಡಿದೆ. ಇಸ್ತ್ರಿ ಮಾಡಿದ ಅಂಗಿ, ಟೈ ಪಿನ್ನು, ತೃಪ್ತಿ ತುಂಬಿದ ದುಂಡು ಮುಖ. ನೋಡಿ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರಲು ಎದುರಿಗೆ ಇನ್ನಷ್ಟು ದೊಡ್ಡ ಮನುಷ್ಯ ಬೇಕು.

"ಬಾಯಿ ಮುಚ್ಕೋ ಡೆಸ್ಮಂಡ್" ಎಂದೆ.

ಅವನು ನಿಜವಾಗಿಯೂ ಮುಚ್ಚಿಕೊಂಡ. ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಹೇಳಿಬಿಡಬಹುದಿತ್ತು.

ಆಮೇಲಿನ ಐದು ದಿನ ಡೋರೀನ್ ನನ್ನ ಮನೆಯಲ್ಲಿ ಸ್ನಾನ ಮಾಡಿದಳು. ನೋಂದಣಿ ಇರುವ ಕೆಲಸಗಾರ ಮ್ಯಾಲ್ಕಮ್ ಬೇರೆ ಕೆಲಸ ಮುಂದೂಡಿ ಶನಿವಾರ ಬಂದ. ಮುಚ್ಚಳ ಕೀಳುವವರೆಗೆ ಟೀ ಮುಟ್ಟಲಿಲ್ಲ. ಹೊಸ ಕವಾಟ ಹಾಕಿದ. ನೀರು ಬಿದ್ದರೆ ಕಣ್ಣಿಗೆ ಕಾಣುವಂತೆ ನಡುವೆ ತೆರೆದ ಲಾಳಿಕೆ ಕೂರಿಸಿ, ಯಾರ ಮೈಮೇಲೂ ಬೀಳದ ಹಾಗೆ ಕೊಳವೆಯನ್ನು ಅಂಗಳದ ಚರಂಡಿಯವರೆಗೆ ಎಳೆದ. ಬಾಯ್ಲರಿನ ಹೊಗೆಕೊಳವೆ, ಅನಿಲ, ಎಲ್ಲವನ್ನೂ ಪರೀಕ್ಷಿಸಿ ಬರೆದುಕೊಟ್ಟ. ಮಂಗಳವಾರ ಶಾಹೀನ್ ತನ್ನ ಊಟದ ವಿರಾಮದಲ್ಲಿ ಬಂದು ನೋಡಿದಳು, ಮೆಟ್ಟಿಲ ಮೇಲೆ ಕುಳಿತು ಸ್ಯಾಂಡ್‌ವಿಚ್ ತಿಂದಳು. ಮರುದಿನ ಪತ್ರವನ್ನು ಅಂಚೆಗೆ ಹಾಕದೆ ತಾನೇ ವಕೀಲರ ಕಚೇರಿಗೆ ತಲುಪಿಸಿದಳು. ಮೂವತ್ತರ ಮಧ್ಯಾಹ್ನ ಎರಡು ಗಂಟೆಗೆ ಗುಮಾಸ್ತೆ ಫೋನ್ ಮಾಡಿದಳು. ಫ್ಲ್ಯಾಟ್ ಡೋರೀನ್‌ಳದಾಯಿತು.

ಸಾಮಾನಿನ ಲಾರಿ ಬಂದ ದಿನ ಡೆಸ್ಮಂಡ್ ಕೂಡ ಬಂದ. ಅಷ್ಟರಲ್ಲಿ ಇಡೀ ಕಥೆ ಅವನ ಬಾಯಲ್ಲಿ ಬೇರೆಯಾಗಿತ್ತು.

"ನಾನು ಆ ಕಾಗದ ಬರೀದೇ ಇದ್ದಿದ್ರೆ ಏನಾಗ್ತಿತ್ತು ಹೇಳು? ವಿಮೆ ಮಾಡಿ ಮಾರಿಬಿಡ್ತಿದ್ರಿ. ಕೊಂಡವರು ಮಕ್ಕಳು ಮರಿ ಸಮೇತ ಮೇಲಕ್ಕೆ ಹಾರ್ತಿದ್ರು."

ಇದು ನಿಜವಾಗಿತ್ತು. ಅದೇ ಅಸಹ್ಯ. ಅವನು ಬದುಕಿನಲ್ಲಿ ಮಾಡಿದ ಒಂದೇ ಉಪಕಾರ ಅವನ ದಡ್ಡತನದಿಂದ ಆಗಿತ್ತು, ಅದನ್ನೂ ಅವನು ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದ.

"ಮೋರ್ಕಮ್‌ಗೆ ಮುಂದಿನ ವಾರ ಬರ್ತೀನಿ" ಎಂದ. "ಅಲ್ಲಿನ ಬಾಯ್ಲರ್ ಹೇಗಿದೆಯೋ, ಒಂದು ಕೈ ನೋಡ್ಬಿಡ್ತೀನಿ."

ಡೋರೀನ್ ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹಾಕಿಕೊಂಡಳು.

"ಬಾ ಡೆಸ್ಮಂಡ್. ಎಡ್ನಾ ಕೇಕ್ ಮಾಡಿರ್ತಾಳೆ, ಟೀ ಕುಡಿ, ಕಡಲು ನೋಡು" ಎಂದಳು. "ಕೈ ಮಾತ್ರ ಬಂದಾಗಿಂದ ಹೋಗೋವರೆಗೂ ಜೇಬಲ್ಲೇ ಇರ್ಲಿ."

ಲಾರಿಯ ಚಾಲಕ ನಗು ತಡೆಯಲು ಮುಖ ಆಚೆ ತಿರುಗಿಸಿದ. ಆಮೇಲೆ ಬಾಗಿಲು ತೆರೆದು, ಅವಳು ಹತ್ತುವವರೆಗೂ ಮೊಣಕೈ ಹಿಡಿದು ನಿಂತ.