ಅಳಿಸಿಹೋದ ಕೊನೆಯ ಕಂತು

ಪೇಟೆಯವರು ಆ ಬಡಗಿಯನ್ನು ಕರೆಯುತ್ತಿದ್ದುದೇ ‘ರಾಕೆಟ್’ ಎಂದು. ಹಳೇ ಬ್ರಿಟಿಷ್ ಅಂತರಿಕ್ಷ ಧಾರಾವಾಹಿಗಳ ಮಾತೆತ್ತಿದರೆ ಸಾಕು, ಆಸಾಮಿ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಶುರುಹಚ್ಚಿಕೊಳ್ಳುತ್ತಿದ್ದ. ಕುರ್ಚಿ ರಿಪೇರಿಗೆ ಬಂದವರು ಅವನ ಅಭಿಪ್ರಾಯಗಳನ್ನೂ ಹೊತ್ತುಕೊಂಡೇ ಮನೆಗೆ ಹೋಗಬೇಕಿತ್ತು, ಪಾಪ.

“ನೌಕೆ ಬಾಗಿಲು ಬರೀ ಪ್ಲೈವುಡ್ಡು. ಮುಚ್ಚಿದ್ರೆ ಗೋಡೆನೂ ಅಲ್ಲಾಡುತ್ತೆ. ಆದ್ರೂ ಎದೆ ಧಸಕ್ ಅನ್ನುತ್ತಲ್ಲ, ಯಾಕೆ? ಕೈಯಲ್ಲಿ ಕಾಸಿಲ್ದೆ ಆ ಜನ ಮಾತನ್ನ ನಂಬಿದ್ರು. ಈಗಿನೋರು ಗ್ರಹಾನೇ ಸಿಡಿಸ್ತಾರೆ. ಇಬ್ಬರನ್ನ ಒಂದು ಕೋಣೇಲಿ ಕೂರಿಸಿ ಮಾತಾಡ್ಸೋಕೆ ಬರಲ್ಲ!”

ಅವನು ಜೀವ ಬಿಡುತ್ತಿದ್ದುದು ‘ಬೂದಿ ಗ್ರಹ’ ಎಂಬ ಧಾರಾವಾಹಿಗೆ, ಅದರಲ್ಲೂ ಕೊನೆಯ ಕಂತಿಗೆ. ಪ್ರಸಾರ ಮಾಡಿದವರೇ ಟೇಪು ಅಳಿಸಿದ್ದರಿಂದ ಅದರ ಪ್ರತಿ ಎಲ್ಲೂ ಇರಲಿಲ್ಲ. ಅದರ ಕೊನೆಗೆ, ಇಂಧನ ಸಾಲದಿದ್ದರೂ ಕ್ಯಾಪ್ಟನ್, ಬಿಟ್ಟುಬಂದ ಮೆಕ್ಯಾನಿಕ್‌ಗಾಗಿ ನೌಕೆ ತಿರುಗಿಸುತ್ತಾನೆ. ಇದಕ್ಕಿಂತ ಒಳ್ಳೆಯ ಕೊನೆಯನ್ನು ಯಾರೂ ಬರೆದಿಲ್ಲ ಎಂದು ಅಭಿಮಾನಿ ಸಂಘದಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದ. ಹಾಗೆ ನೋಡಿದರೆ ಅವನೂ ಅದನ್ನು ಕಣ್ಣಾರೆ ಕಂಡವನಲ್ಲ. ಚಿಕ್ಕವನಿದ್ದಾಗ, ಅದು ಪ್ರಸಾರವಾದ ಸಂಜೆ ಜ್ವರದಲ್ಲಿ ಮಲಗಿದ್ದ. ಪಕ್ಕದ ಮನೆಯಲ್ಲಿ ನೋಡಿಬಂದ ಅಕ್ಕ ಹಾಸಿಗೆಯ ಅಂಚಿನಲ್ಲಿ ಕುಳಿತು ಪೂರ್ತಿ ಕಥೆ ಹೇಳಿದ್ದಳು. ಅಮ್ಮ ತೀರಿಕೊಂಡು ಆಗಿನ್ನೂ ತಿಂಗಳಾಗಿತ್ತಷ್ಟೆ.

ಈಗ ಯಾರದೋ ಅಟ್ಟದ ಮೇಲೆ ಆ ಕಂತು ಸಿಕ್ಕಿಬಿಟ್ಟಿತು. ಸಂಘದವರು ಪ್ರದರ್ಶನ ಇಟ್ಟುಕೊಂಡರು, ಆಮೇಲೆ ರಾಕೆಟ್‌ನದೇ ಭಾಷಣ. ಇಸ್ತ್ರಿ ಅಂಗಿ ತೊಟ್ಟು, ಅಕ್ಕನನ್ನೂ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ.

ಪರದೆಯ ಮೇಲೆ ಮೆಕ್ಯಾನಿಕ್ ಧೂಳಿನಲ್ಲಿ ನಿಂತು ಕೈ ಬೀಸಿದ. ಕ್ಯಾಪ್ಟನ್ ಬಾಗಿಲು ಮುಚ್ಚಿಕೊಂಡ. ನೌಕೆ ಹೊರಟೇಹೋಯಿತು. ಹೆಸರುಗಳು ಬಂದವು, ದೀಪ ಹತ್ತಿತು.

“ಏನ್ ರಾಕೆಟ್, ನಿಮ್ಮ ಕ್ಯಾಪ್ಟನ್ ವಾಪಸ್ ಬರ್ಲೇ ಇಲ್ವಲ್ಲ?” ಎಂದ ಸಂಘದ ಒಬ್ಬ ಹಲ್ಲಿನ ಡಾಕ್ಟರ್. ಎಷ್ಟೋ ವರ್ಷ ವಾದದಲ್ಲಿ ಸೋತಿದ್ದವನಿಗೆ ಇಂದು ಹಬ್ಬ. ಎಲ್ಲರೂ ನಕ್ಕರು.

ಬಡಗಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಅಕ್ಕನ ಮೇಲೆ ಕೆಟ್ಟ ಕೋಪ ಬಂತು. “ಯಾಕೆ ಸುಳ್ಳು ಹೇಳ್ದೆ?” ಎಂದು ಪಿಸುಗುಟ್ಟಿದ.

“ಕ್ಯಾಪ್ಟನ್ ವಾಪಸ್ ಬಂದ್ನಾ, ಬಂದ್ನಾ ಅಂತ ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ ನೀನು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಕಣೋ. ನಾನಾದ್ರೂ ಎಷ್ಟು ದೊಡ್ಡೋಳಿದ್ದೆ?”

ಸಂಘದವರು ಅವನನ್ನು ಕರೆದರು. ಎದ್ದು ಹೋಗಿ ಮೈಕಿನ ಮುಂದೆ ನಿಂತ. ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

“ಈ ಕಂತು ಅಷ್ಟಕ್ಕಷ್ಟೆ. ಬಾಗಿಲು ಮಾತ್ರ ಚೆನ್ನಾಗಿದೆ,” ಎಂದ. ಜನ ಮತ್ತೆ ನಕ್ಕರು. ಅವನು ಕಾದ. “ನಾನು ಹೊಗಳ್ತಿದ್ದ ಕೊನೆ ಇದಲ್ಲ. ಅದರ ಬಗ್ಗೆ ನನ್ನ ಅಭಿಪ್ರಾಯ ಒಂಚೂರೂ ಬದಲಾಗಿಲ್ಲ. ಬರೆದೋರು ಯಾರು ಅಂತ ಮಾತ್ರ ಇವತ್ತೇ ಗೊತ್ತಾಗಿದ್ದು.”

ಮೊದಲ ಸಾಲಿನತ್ತ ಕೈ ತೋರಿಸಿದ. “ಅಲ್ಲಿ ಕೂತಿದಾಳೆ. ನಮ್ಮಕ್ಕ.”